ಮುಚ್ಚಿದ ಕೋಶದ ಒಳಗಣ ಅಳತೆ: ಬ್ಯಾಟರಿಯ ತಯಾರಿಕೆಯಲ್ಲಿಯೇ ಸಂವೇದಕ ಹೂಡುವ ಕ್ರಮದ ಚರಿತ್ರೆ

ತರೀಕೆರೆ–ಅಜ್ಜಂಪುರ ಸೀಮೆಯ ಬುಕ್ಕಾಂಬುಧಿ ಗ್ರಾಮದ ಹೆಸರಿನಲ್ಲಿಯೇ ನೀರಿದೆ. ಅಂಬುಧಿ ಎಂದರೆ ಕಡಲು. ಕೆರೆಗಳನ್ನು ಸಮುದ್ರ, ಸಾಗರ, ಅಂಬುಧಿ ಎಂದು ಕರೆಯುವ ರೂಢಿ ನಮ್ಮ ಶಾಸನಗಳಲ್ಲಿ ಹೇರಳವಾಗಿ ಕಂಡುಬರುತ್ತದೆ. ಈ ಭಾಗದ ಹಳೆಯ ಕೆರೆಗಳ ಏರಿಯ ಮೇಲೆ ನಿಂತವರಿಗೆ ನೀರಿನೊಳಗಿಂದ ತಲೆಯೆತ್ತಿದ ತೂಬಿನ ಕಲ್ಲುಕಂಬಗಳು ಕಾಣುತ್ತವೆ. ಕಂಬ ಎಷ್ಟು ಮುಳುಗಿದೆ, ಎಷ್ಟು ಹೊರಗಿದೆ ಎಂಬುದನ್ನು ನೋಡಿ ನೀರುಗಂಟಿಯು ಕೆರೆಯಲ್ಲಿ ಉಳಿದಿರುವ ನೀರನ್ನು ಅಂದಾಜು ಮಾಡುತ್ತಿದ್ದನು. ಗದ್ದೆಗೆ ಎಷ್ಟು ದಿನ ನೀರು ಬಿಡಬಹುದೆಂಬ ತೀರ್ಮಾನಕ್ಕೆ ಅದೇ ಆಧಾರ. ಆ ಕಂಬ ಕೆರೆ ತುಂಬಿದ ಮೇಲೆ ನೆಟ್ಟುದಲ್ಲ. ಏರಿ ಹಾಕುವಾಗಲೇ ತಳದಿಂದ ಎಬ್ಬಿಸಿದುದು. ಕಟ್ಟಿ ಮುಗಿದ ಏರಿಯನ್ನು ಕೊರೆದು ತೂಬು ಕೂರಿಸಿದರೆ ಕೊರೆದ ಜಾಗದಲ್ಲಿಯೇ ನೀರು ಜಿನುಗಿ ಏರಿಗೆ ಅಪಾಯ ಬರುತ್ತದೆಂಬುದು ಕೆರೆ ಕಟ್ಟುವವರಿಗೆ ತಿಳಿದ ಸಂಗತಿ. ಒಂದನೆಯ ಬುಕ್ಕರಾಯನ ಮಗ ಭಾಸ್ಕರ ಭವದೂರನು 1369ರಲ್ಲಿ ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು ಆ ದೋಷಗಳಲ್ಲಿ ಒಂದು.

ಪ್ರಸ್ತುತ ಲೇಖನದ ವಿಷಯ ಕೆರೆಯಲ್ಲ. ಆದರೆ ಇಪ್ಪತ್ತೊಂದನೆಯ ಶತಮಾನದ ವಿದ್ಯುದ್ರಸಾಯನ ಶಾಸ್ತ್ರಜ್ಞರು ಎದುರಿಸುತ್ತಿರುವ ಪ್ರಶ್ನೆಯೊಂದು ತೂಬಿನ ಪ್ರಶ್ನೆಯನ್ನೇ ಹೋಲುತ್ತದೆ: ಬಿಗಿಯಾಗಿ ಮುಚ್ಚಿದ ಲಿಥಿಯಮ್ ಅಯಾನ್ ಕೋಶದ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ತಿಳಿಯಲು ಸಂವೇದಕವನ್ನು ಎಲ್ಲಿ, ಯಾವಾಗ, ಹೇಗೆ ಇಡಬೇಕು? ತಯಾರಾದ ಕೋಶವನ್ನು ಕೊರೆದು ಇಡುವುದೋ, ತಯಾರಿಕೆಯ ಹಂತದಲ್ಲಿಯೇ ಹೂಡುವುದೋ? ಇದನ್ನು ಸಾಮಾನ್ಯವಾಗಿ ಹೊಸ ಆವಿಷ್ಕಾರವೆಂದು ವರ್ಣಿಸಲಾಗುತ್ತಿದೆ. ಬ್ಯಾಟರಿಯ ಚರಿತ್ರೆಯನ್ನು ಹಿಂದಿನಿಂದ ನೋಡುತ್ತ ಬಂದರೆ ಬೇರೊಂದು ಚಿತ್ರ ದೊರೆಯುತ್ತದೆ. ಕೋಶದ ಒಳಗನ್ನು ಅಳೆಯುವ ಸಾಧನ ಒಂದು ಕಾಲಕ್ಕೆ ಬಳಕೆದಾರನ ಕೈಯಲ್ಲಿಯೇ ಇತ್ತು. ಕೋಶವನ್ನು ಮುಚ್ಚುತ್ತ ಬಂದಂತೆ ಅದು ಅವನ ಕೈತಪ್ಪಿತು. ಇಂದು ಸಂವೇದಕವನ್ನು ಒಳಗೆ ಹೂಡುವ ಪ್ರಯತ್ನವು ಮುಚ್ಚುವಿಕೆ ಕಸಿದುಕೊಂಡುದನ್ನು ಮರಳಿ ಪಡೆಯುವ ಪ್ರಯತ್ನವೆಂದೇ ಈ ಲೇಖಕನ ಅಭಿಪ್ರಾಯ. ಈ ಚರಿತ್ರೆಯ ಕೆಲವು ಮುಖ್ಯ ಘಟ್ಟಗಳು ಕರ್ನಾಟಕದಲ್ಲಿಯೇ ನಡೆದಿರುವುದರಿಂದ ಅವುಗಳ ಮೂಲಕವೇ ಇದನ್ನು ಪರಿಶೀಲಿಸಲಾಗಿದೆ.

ಬ್ಯಾಟರಿ ನಮ್ಮ ಗ್ರಾಮಾಂತರ ಪ್ರದೇಶಕ್ಕೆ ವಿದ್ಯುದ್ದೀಪಕ್ಕಿಂತ ಮೊದಲೇ ಬಂದಿತು. 1889ರಲ್ಲಿ ಬೆಂಗಳೂರಿನಿಂದ ಹರಿಹರದವರೆಗಿನ ರೈಲುಮಾರ್ಗ ಪೂರ್ಣಗೊಂಡಿತು. ಬೀರೂರು, ಅಜ್ಜಂಪುರ, ಶಿವನಿ ನಿಲ್ದಾಣಗಳು ಇದೇ ಮಾರ್ಗದಲ್ಲಿವೆ. ರೈಲಿನೊಡನೆ ತಂತಿಯೂ ಬಂದಿತು, ತಂತಿಯೊಡನೆ ಕೋಶಗಳೂ ಬಂದವು. ಶಿವನಸಮುದ್ರದ ವಿದ್ಯುದಾಗಾರ ಕೆಲಸ ಆರಂಭಿಸಿದ್ದು 1902ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಹತ್ತೊಂಬತ್ತನೆಯ ಶತಮಾನದ ತಂತಿ ಕಚೇರಿಗಳಲ್ಲಿ ಡೇನಿಯಲ್ ಕೋಶದ ವಂಶಕ್ಕೆ ಸೇರಿದ ಕೋಶಗಳು ಪ್ರಧಾನವಾಗಿದ್ದವು. ಭಾರತದ ತಂತಿ ಇಲಾಖೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಮಿನೊಟ್ಟೊ ಕೋಶವೂ ಇದೇ ವಂಶದ್ದು. ತಳದಲ್ಲಿ ತಾಮ್ರದ ತಗಡು, ಅದರ ಮೇಲೆ ಮೈಲುತುತ್ತ, ಮೇಲ್ಗಡೆ ಸತು. ಈ ವಂಶದ ಗಾಜಿನ ಜಾಡಿಯ ಕೋಶಗಳಲ್ಲಿ ನೀಲಿ ದ್ರವವೂ ತಿಳಿದ್ರವವೂ ಸಂಧಿಸುವ ಗೆರೆ ಹೊರಗಿನಿಂದಲೇ ಕಾಣುತ್ತಿತ್ತು. ಗೆರೆ ಮೇಲೇರಿದರೆ ಒಂದು ಅರ್ಥ, ಕೆಳಗಿಳಿದರೆ ಇನ್ನೊಂದು. ಅಳತೆಗೆ ಬೇರೆ ಉಪಕರಣವೇ ಬೇಕಿರಲಿಲ್ಲ; ಕೋಶವೇ ತನ್ನ ಸ್ಥಿತಿಯನ್ನು ತೋರುತ್ತಿತ್ತು.

ಫ್ರಾನ್ಸಿನ ಗಾಸ್ತೋ ಪ್ಲಾಂತೆ 1859ರಲ್ಲಿ ರೂಪಿಸಿದ ಸೀಸ–ಆಮ್ಲ ಕೋಶವು ಮರುಪೂರಣ ಮಾಡಬಹುದಾದ ಮೊದಲ ಕೋಶ. ಇದರಲ್ಲಿ ಒಂದು ವಿಶೇಷವಿದೆ. ಕೋಶ ಬರಿದಾಗುತ್ತ ಹೋದಂತೆ ಗಂಧಕಾಮ್ಲ ಖರ್ಚಾಗಿ ನೀರು ಉಂಟಾಗುತ್ತದೆ. ತುಂಬಿದಂತೆ ಆಮ್ಲ ಮರಳಿ ಬರುತ್ತದೆ. ಆದ್ದರಿಂದ ದ್ರವದ ಸಾಂದ್ರತೆಯೇ ಕೋಶದಲ್ಲಿ ಉಳಿದಿರುವ ವಿದ್ಯುತ್ತಿನ ಲೆಕ್ಕವನ್ನು ಹೇಳುತ್ತದೆ. ಪೂರ್ಣ ತುಂಬಿದ ಕೋಶದಲ್ಲಿ ಅದು ನೀರಿನ 1.25ರಿಂದ 1.28 ಪಟ್ಟು, ಬರಿದಾದ ಕೋಶದಲ್ಲಿ 1.15ಕ್ಕಿಂತ ಕಡಿಮೆ. ರಬ್ಬರ್ ಬುರುಡೆಯುಳ್ಳ ಗಾಜಿನ ಕೊಳವೆ, ಅದರೊಳಗೆ ತೇಲುವ ಗುಂಡು, ಗುಂಡಿನ ಮೇಲೆ ಹಸಿರು, ಬಿಳಿ, ಕೆಂಪು ಪಟ್ಟಿಗಳು: ಇದೇ ಹೈಡ್ರೋಮೀಟರ್. ಬೀರೂರಿನಂತಹ ಜಂಕ್ಷನ್ ಊರುಗಳ ಬ್ಯಾಟರಿ ಅಂಗಡಿಗಳಲ್ಲಿ ಲಾರಿಯ, ಟ್ರ್ಯಾಕ್ಟರಿನ ಬ್ಯಾಟರಿಗಳ ಆರು ಬಿರಡೆಗಳನ್ನು ಒಂದೊಂದಾಗಿ ತೆಗೆದು, ದ್ರವವನ್ನು ಹೀರಿ, ಬೆಳಕಿಗೆ ಹಿಡಿದು ನೋಡುವ ಕುಶಲಕರ್ಮಿಯನ್ನು ಹಿಂದಿನ ತಲೆಮಾರಿನವರೆಲ್ಲ ಕಂಡಿದ್ದಾರೆ. ಆರರಲ್ಲಿ ಯಾವ ಕೋಶ ಸತ್ತಿದೆ ಎಂಬುದನ್ನು ಅವನು ಎರಡೇ ನಿಮಿಷದಲ್ಲಿ ಹೇಳುತ್ತಿದ್ದನು. ಬ್ಯಾಟರಿಯ ಒಡೆಯನಿಗೂ ಗುಂಡು ಎಲ್ಲಿ ತೇಲುತ್ತಿದೆ ಎಂಬುದು ಕಾಣುತ್ತಿದ್ದುದರಿಂದ ಅಲ್ಲಿ ವಂಚನೆಗೆ ಅವಕಾಶ ಕಡಿಮೆ.

ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಇದೇ ಕೆಲಸ ಶಿಸ್ತಿನ ರೂಪ ಪಡೆಯಿತು. ಅಲ್ಲಿನ ಬ್ಯಾಟರಿ ಕೋಣೆಯಲ್ಲಿ ಎರಡು ವೋಲ್ಟಿನ ಕೋಶಗಳನ್ನು ಸಾಲಾಗಿ ಜೋಡಿಸಲಾಗುತ್ತಿತ್ತು. ಪ್ರತಿದಿನ ಎಲ್ಲವನ್ನೂ ಅಳೆಯುವುದು ಕಷ್ಟವಾದುದರಿಂದ ಒಂದು ಕೋಶವನ್ನು ‘ಪೈಲಟ್ ಸೆಲ್’ ಎಂದು ಗೊತ್ತುಮಾಡಿ, ಅದರ ಸಾಂದ್ರತೆ, ಉಷ್ಣತೆ, ವೋಲ್ಟೇಜುಗಳನ್ನು ಪುಸ್ತಕದಲ್ಲಿ ದಾಖಲಿಸುವ ಕ್ರಮವಿತ್ತು. ಒಂದು ಕೋಶ ಉಳಿದೆಲ್ಲವುಗಳ ಪರವಾಗಿ ಮಾತನಾಡಬಲ್ಲದೆಂಬ ಈ ನಂಬಿಕೆ ಮುಂದಿನ ಚರ್ಚೆಯಲ್ಲಿ ಮತ್ತೆ ಎದುರಾಗುವುದರಿಂದ ಅದನ್ನು ಇಲ್ಲಿಯೇ ಗುರುತಿಸಿಕೊಳ್ಳುವುದು ಯುಕ್ತ.

ಮುಚ್ಚುವ ಕಾರ್ಯ ಆರಂಭವಾದುದು ಸೌಕರ್ಯದ ಹೆಸರಿನಲ್ಲಿ. ನಿಕಲ್–ಕ್ಯಾಡ್ಮಿಯಮ್ ಕೋಶದ ಒಳಗೆ ಹುಟ್ಟುವ ಆಮ್ಲಜನಕವನ್ನು ಒಳಗೇ ಮರುಬಳಕೆಗೊಳಿಸಿ ಕೋಶವನ್ನು ಪೂರ್ಣವಾಗಿ ಮುಚ್ಚಬಹುದೆಂದು 1947ರಲ್ಲಿ ಗೇಯೋರ್ಗ್ ನಾಯ್ಮನ್ ತೋರಿಸಿಕೊಟ್ಟನು. 1970ರ ದಶಕದ ತರುವಾಯ ಸೀಸ–ಆಮ್ಲ ಬ್ಯಾಟರಿಯೂ ಮುಚ್ಚಿದ ರೂಪದಲ್ಲಿ ಬಂದು ಕಚೇರಿಗಳ ಯುಪಿಎಸ್‌ಗಳನ್ನು ಆಕ್ರಮಿಸಿತು. ನೀರು ಹಾಕುವ ಕೆಲಸ ತಪ್ಪಿತು, ಆಮ್ಲ ಚೆಲ್ಲುವ ಭಯ ಹೋಯಿತು. ಬಿರಡೆಯೊಡನೆ ಹೈಡ್ರೋಮೀಟರನ್ನು ಇಳಿಸುವ ದಾರಿಯೂ ಹೋಯಿತು. ನಿಕಲ್–ಕ್ಯಾಡ್ಮಿಯಮ್ ಕೋಶದಲ್ಲಂತೂ ಕ್ಷಾರದ್ರವ ಖರ್ಚಾಗುವುದಿಲ್ಲವಾದ್ದರಿಂದ ಬಿರಡೆ ಇದ್ದರೂ ಸಾಂದ್ರತೆಯ ಅಳತೆ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಉಳಿದುದು ಎರಡು ತುದಿಗಳ ನಡುವಣ ವೋಲ್ಟೇಜು ಮತ್ತು ಹೊರಮೈಯ ಉಷ್ಣತೆ ಮಾತ್ರ.

ಈ ಕೊರತೆಯನ್ನು ಮೊದಲು ತೀವ್ರವಾಗಿ ಅನುಭವಿಸಿದವರು ಉಪಗ್ರಹ ನಿರ್ಮಾಪಕರು. ಕಕ್ಷೆಯಲ್ಲಿರುವ ಬ್ಯಾಟರಿಯ ಬಳಿ ಯಾರೂ ಹೋಗುವಂತಿಲ್ಲ. ಹೆಚ್ಚು ತುಂಬಿದರೆ ಕೋಶದ ಒಳಗೆ ಅನಿಲದ ಒತ್ತಡ ಏರುತ್ತದೆ, ಕಡಿಮೆ ತುಂಬಿದರೆ ಭೂಮಿಯ ನೆರಳಿನಲ್ಲಿ ಉಪಗ್ರಹ ಕುರುಡಾಗುತ್ತದೆ. ಇದಕ್ಕೆ ಪರಿಹಾರವಾಗಿ 1960ರ ದಶಕದಲ್ಲಿ ಅಮೆರಿಕದ ಉಪಗ್ರಹಗಳ ನಿಕಲ್–ಕ್ಯಾಡ್ಮಿಯಮ್ ಕೋಶಗಳೊಳಗೆ ಮೂರನೆಯದೊಂದು ವಿದ್ಯುದಗ್ರವನ್ನು ಇಡುವ ಪದ್ಧತಿ ಬಂದಿತು. ಅದು ವಿದ್ಯುತ್ತನ್ನು ಸಂಗ್ರಹಿಸುವುದಕ್ಕಾಗಿ ಇದ್ದುದಲ್ಲ. ಒಳಗೆ ಆಮ್ಲಜನಕ ಎಷ್ಟು ಕೂಡಿದೆ, ಅಂದರೆ ಕೋಶ ತುಂಬಿತೇ ಇಲ್ಲವೇ ಎಂಬ ಸುದ್ದಿಯನ್ನು ಹೊರಗೆ ತಿಳಿಸುವುದಕ್ಕಾಗಿ ಇದ್ದುದು. ಕೋಶವನ್ನು ಬೆಸೆದು ಮುಚ್ಚುವ ಮೊದಲೇ ಅದನ್ನು ಒಳಗೆ ಸೇರಿಸಬೇಕಿತ್ತು. ಇಂದಿನ ‘ಹೂಡಿದ ಸಂವೇದಕ’ದ ನಿಜವಾದ ಪೂರ್ವಜ ಇದೇ. ಇತ್ತೀಚಿನ ಬರಹಗಳಲ್ಲಿ ಇದಕ್ಕೆ ಸಲ್ಲಬೇಕಾದ ಸ್ಥಾನ ಸಂದಿಲ್ಲ.

ಭಾರತದ ಮೊದಲ ಉಪಗ್ರಹ ಆರ್ಯಭಟವು ರೂಪುಗೊಂಡುದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ. ಉಡುಪಿ ಬಳಿಯ ಅದಮಾರಿನವರಾದ ಪ್ರೊ. ಯು.ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ಆ ಉಪಗ್ರಹವನ್ನು 19 ಏಪ್ರಿಲ್ 1975ರಂದು ಸೋವಿಯತ್ ಒಕ್ಕೂಟದಿಂದ ಹಾರಿಸಲಾಯಿತು. ಸೌರಫಲಕಗಳೂ ನಿಕಲ್–ಕ್ಯಾಡ್ಮಿಯಮ್ ಬ್ಯಾಟರಿಯೂ ಅದರ ಶಕ್ತಿಮೂಲ. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯಲ್ಲಿ ತೊಂದರೆಯುಂಟಾಗಿ ವೈಜ್ಞಾನಿಕ ಪ್ರಯೋಗಗಳು ನಿಂತುವು. ಉಪಗ್ರಹದ ಶಕ್ತಿವ್ಯವಸ್ಥೆಯನ್ನು ನೆಲದಿಂದಲೇ ಓದಬೇಕಾದ ಅಗತ್ಯವನ್ನು ಬೆಂಗಳೂರಿನ ತಂತ್ರಜ್ಞರು ಹೀಗೆ ಮೊದಲ ಹೆಜ್ಜೆಯಲ್ಲಿಯೇ ಮನಗಂಡರು.

ಮುಂದೆ ದೊಡ್ಡ ಸಂಪರ್ಕ ಉಪಗ್ರಹಗಳಿಗೆ ನಿಕಲ್–ಜಲಜನಕ ಕೋಶಗಳು ಬಂದವು. ನಮ್ಮ ಇನ್‌ಸ್ಯಾಟ್ ಸರಣಿಯ ಕೆಲವು ಉಪಗ್ರಹಗಳಲ್ಲಿಯೂ ಅವು ಬಳಕೆಯಾದವು. ಅಳತೆಯ ದೃಷ್ಟಿಯಿಂದ ಈ ಕೋಶ ಬಹು ಸುಂದರವಾದುದು. ಅದು ಒಂದು ಒತ್ತಡದ ಪಾತ್ರೆ. ತುಂಬುತ್ತ ಹೋದಂತೆ ಜಲಜನಕ ಹುಟ್ಟಿ ಒಳಗಿನ ಒತ್ತಡ ಹತ್ತಾರು ವಾಯುಭಾರಗಳವರೆಗೆ ಏರುತ್ತದೆ, ಬರಿದಾದಂತೆ ಇಳಿಯುತ್ತದೆ. ಒತ್ತಡವೇ ಉಳಿದ ವಿದ್ಯುತ್ತಿನ ಲೆಕ್ಕ. ಪಾತ್ರೆಯ ಗೋಡೆ ಕೂದಲೆಳೆಯಷ್ಟಕ್ಕಿಂತಲೂ ಕಡಿಮೆ ಹಿಗ್ಗುವುದನ್ನು ಅದರ ಮೇಲೆ ಅಂಟಿಸಿದ ಸ್ಟ್ರೇನ್ ಗೇಜ್ ಅಳೆದು ಭೂಕೇಂದ್ರಕ್ಕೆ ಕಳುಹಿಸುತ್ತದೆ. ಹೈಡ್ರೋಮೀಟರಿನ ಗುಂಡು ಆಕಾಶಕ್ಕೇರಿತು ಎಂದೇ ಹೇಳಬಹುದು. ಆದರೆ ಎಲ್ಲ ಕೋಶಗಳಿಗೂ ಗೇಜ್ ಇರುತ್ತಿರಲಿಲ್ಲ. ಬ್ಯಾಟರಿಯ ಕೆಲವೇ ಕೋಶಗಳಿಗೆ ಅದನ್ನು ಅಂಟಿಸಿ, ಉಳಿದವು ಅವುಗಳಂತೆಯೇ ಇವೆ ಎಂದು ಭಾವಿಸಲಾಗುತ್ತಿತ್ತು. ದೂರವಾಣಿ ಕೇಂದ್ರದ ಪೈಲಟ್ ಸೆಲ್ ಇಲ್ಲಿಯೂ ಇದೆ.

2008ರ ಚಂದ್ರಯಾನ–1 ನೌಕೆಯ ವೇಳೆಗೆ ನಮ್ಮ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಲಿಥಿಯಮ್ ಅಯಾನ್ ಬ್ಯಾಟರಿ ಬಂದಿತ್ತು. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದಲ್ಲಿ ಅಭಿವೃದ್ಧಿಗೊಂಡ ಕೋಶದ ತಂತ್ರಜ್ಞಾನವನ್ನು ಪಡೆಯಲು ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯು 2018ರ ಮಾರ್ಚ್‌ನಲ್ಲಿ ಇಸ್ರೋದೊಡನೆ ಒಪ್ಪಂದ ಮಾಡಿಕೊಂಡಿತು.

ಲಿಥಿಯಮ್ ಅಯಾನ್ ಕೋಶದ ಚರಿತ್ರೆ ಸುಪರಿಚಿತವಾದುದರಿಂದ ಅದನ್ನು ವಿಸ್ತರಿಸುವ ಅಗತ್ಯವಿಲ್ಲ. ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೊ ಅವರ ಕೆಲಸದ ಫಲವಾಗಿ 1991ರಲ್ಲಿ ಸೋನಿ ಕಂಪನಿಯು ಅದನ್ನು ಮಾರುಕಟ್ಟೆಗೆ ತಂದಿತು; ಮೂವರಿಗೂ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನಮಗೆ ಇಲ್ಲಿ ಮುಖ್ಯವಾದುದು ಅದರ ಒಳರಚನೆ. ತಾಮ್ರದ ಹಾಳೆಯ ಮೇಲೆ ಗ್ರಾಫೈಟಿನ ಲೇಪ, ಅಲ್ಯೂಮಿನಿಯಮ್ ಹಾಳೆಯ ಮೇಲೆ ಲೋಹದ ಆಕ್ಸೈಡಿನ ಅಥವಾ ಫಾಸ್ಫೇಟಿನ ಲೇಪ, ನಡುವೆ ಸುಮಾರು 20 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೊರೆ. ಇವನ್ನು ಚಾಪೆಯಂತೆ ಸುತ್ತಿ ಡಬ್ಬಿಯಲ್ಲಿಟ್ಟು, ಸಾವಯವ ದ್ರಾವಕದಲ್ಲಿ ಕರಗಿಸಿದ ಲಿಥಿಯಮ್ ಲವಣದ ಎಲೆಕ್ಟ್ರೊಲೈಟ್ ತುಂಬಿ, ಮುಚ್ಚಳವನ್ನು ಮಡಿಚಿ ಬಿಗಿಯಲಾಗುತ್ತದೆ. ಆ ಲವಣಕ್ಕೆ ತೇವ ತಗುಲಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಆದುದರಿಂದ ಎಲೆಕ್ಟ್ರೊಲೈಟ್ ತುಂಬಿ ಮುಚ್ಚುವ ಕೆಲಸವೆಲ್ಲ ಇಬ್ಬನಿಬಿಂದು ಮೈನಸ್ 40 ಡಿಗ್ರಿ ಅಥವಾ ಅದಕ್ಕಿಂತಲೂ ಕೆಳಗಿರುವ ಒಣ ಕೋಣೆಗಳಲ್ಲಿ ನಡೆಯಬೇಕು. ಬಿರಡೆ ತೆಗೆದು ಇಣುಕುವ ಮಾತೇ ಇಲ್ಲ. ಮನುಷ್ಯ ಈವರೆಗೆ ಮಾಡಿದ ಬ್ಯಾಟರಿಗಳಲ್ಲಿ ಇಷ್ಟು ಬಿಗಿಯಾಗಿ ಮುಚ್ಚಿದುದು, ಒಳಗನ್ನು ಅರಿಯದಿದ್ದರೆ ಇಷ್ಟು ಅಪಾಯಕಾರಿಯಾದುದು ಬೇರೊಂದಿಲ್ಲ.

ಅಪಾಯದ ಸ್ವರೂಪವನ್ನು ತುಸು ವಿವರಿಸಬೇಕು. ಸುರುಳಿಯ ಪದರಗಳ ಉದ್ದಕ್ಕೆ ಶಾಖ ಸುಲಭವಾಗಿ ಹರಿಯುತ್ತದೆ, ಪದರದಿಂದ ಪದರಕ್ಕೆ ಅಡ್ಡಲಾಗಿ ಬಹು ನಿಧಾನವಾಗಿ ಹರಿಯುತ್ತದೆ. ಹೀಗಾಗಿ ವೇಗವಾಗಿ ತುಂಬುವಾಗ ಅಥವಾ ಬರಿದು ಮಾಡುವಾಗ ಸುರುಳಿಯ ತಿರುಳು ಹೊರಮೈಗಿಂತ ಹಲವು ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ಡಬ್ಬಿಯ ಮೇಲೆ ಅಂಟಿಸಿದ ಉಷ್ಣಮಾಪಕ ತಿರುಳಿನ ಸುದ್ದಿಯನ್ನು ತಡವಾಗಿ, ತಗ್ಗಿಸಿ ಹೇಳುತ್ತದೆ. ಗ್ರಾಫೈಟಿನ ಮೇಲಿನ ರಕ್ಷಕ ಪದರ 80ರಿಂದ 120 ಡಿಗ್ರಿಗಳ ನಡುವೆ ಕಳಚತೊಡಗುತ್ತದೆ. ಪಾಲಿಥೀನಿನ ನಡುಪೊರೆ 130 ಡಿಗ್ರಿಯ ಸುಮಾರಿಗೆ ಕರಗುತ್ತದೆ. ಆ ಮೇಲೆ ತಡೆಯುವುದು ಕಷ್ಟ. ಇನ್ನೊಂದು ಅಪಾಯ ಉಷ್ಣತೆಯಲ್ಲಿ ಕಾಣುವುದೇ ಇಲ್ಲ. ಚಳಿಯಲ್ಲಿ ಅಥವಾ ಅತಿವೇಗದಲ್ಲಿ ತುಂಬಿದಾಗ ಲಿಥಿಯಮ್ ಗ್ರಾಫೈಟಿನ ಒಳಗೆ ಸೇರದೆ ಅದರ ಮೇಲೆಯೇ ಲೋಹವಾಗಿ ಕೂರುತ್ತದೆ. ಇದು ಹೊರಗಿನ ಎರಡು ತುದಿಗಳ ವೋಲ್ಟೇಜಿನಲ್ಲಿ ಸ್ಪಷ್ಟವಾಗಿ ಗೋಚರಿಸುವುದಿಲ್ಲ. ಏಕೆಂದರೆ ಆ ವೋಲ್ಟೇಜು ಎರಡೂ ವಿದ್ಯುದಗ್ರಗಳ ವ್ಯತ್ಯಾಸ ಮಾತ್ರ, ಯಾವುದು ಎಷ್ಟು ಸರಿದಿದೆ ಎಂಬುದನ್ನು ಅದು ಹೇಳದು. ಅದನ್ನು ಹೇಳಲು ಒಳಗೊಂದು ಮೂರನೆಯ ವಿದ್ಯುದಗ್ರ ಬೇಕು. 1960ರ ದಶಕದ ಉಪಗ್ರಹ ಕೋಶಗಳ ಉಪಾಯ ಹೀಗೆ ಬೇರೊಂದು ಕಾರಣಕ್ಕಾಗಿ ಮರಳಿ ಬಂದಿತು.

ಸಂಶೋಧಕರು ಮೊದಲು ಹಿಡಿದುದು ಕೊರೆಯುವ ದಾರಿಯನ್ನು. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದದ ಉರುಳೆಯಾಕಾರದ ಕೋಶದ ಸುರುಳಿಯ ನಡುವೆ, ಸುತ್ತುವ ಕಡ್ಡಿಯನ್ನು ಎಳೆದುಕೊಂಡ ಜಾಗದಲ್ಲಿ, ಕೆಲವು ಮಿಲಿಮೀಟರಿನ ಖಾಲಿ ಓಣಿಯಿರುತ್ತದೆ. ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆಯೊಳಗೆ ಕೋಶದ ತುದಿಯನ್ನು ಕೊರೆದು, ಆ ಓಣಿಗೆ ಸಂವೇದಕವನ್ನು ಇಳಿಸಿ, ರಂಧ್ರವನ್ನು ಅಂಟಿನಿಂದ ಮುಚ್ಚುವುದು ಕ್ರಮ. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ತಂಡವು ಹೀಗೆ ಸಜ್ಜುಗೊಳಿಸಿದ ಮಾರುಕಟ್ಟೆಯ ಕೋಶಗಳನ್ನು ಪರೀಕ್ಷಿಸಿ, ಅವನ್ನು ತಯಾರಕರು ಸೂಚಿಸಿದ ಮಿತಿಗಿಂತ ಐದು ಪಟ್ಟು ವೇಗವಾಗಿ ಸುರಕ್ಷಿತವಾಗಿ ತುಂಬಬಹುದೆಂದು 2018ರಲ್ಲಿ ಪ್ರಕಟಿಸಿತು. ಒಳಗು ಕಾಣದಿದ್ದುದರಿಂದ ತಯಾರಕರು ಎಷ್ಟು ಅಂಜಿಕೆಯ ಅಂತರವನ್ನು ಇಟ್ಟುಕೊಂಡಿದ್ದರೆಂಬುದು ಇದರಿಂದ ಹೊರಬಿದ್ದಿತು. ಆದರೆ ಕೊರೆದ ಕೋಶ ಪ್ರಯೋಗಾಲಯದ ಕೋಶ. ರಂಧ್ರದ ಅಂಟನ್ನು ದ್ರಾವಕ ನಿಧಾನವಾಗಿ ತಿನ್ನಬಹುದು. ಹೊರಗಿನ ತೇವ ಒಳನುಸುಳಬಹುದು. ಏರಿ ಕೊರೆದು ಕೂರಿಸಿದ ತೂಬಿನ ದೋಷವೇ ಇದು. ವಾಹನದಲ್ಲಿ ಹತ್ತು ವರ್ಷ ಬಾಳಬೇಕಾದ ಕೋಶಕ್ಕೆ ಈ ದಾರಿ ಒಗ್ಗದು. ತಯಾರಿಕೆಯ ಸಾಲಿನಲ್ಲಿಯೇ, ಎಲೆಕ್ಟ್ರೊಲೈಟ್ ತುಂಬುವ ಮೊದಲು, ಸಂವೇದಕವನ್ನು ಸುರುಳಿಯೊಡನೆ ಸೇರಿಸಿ ಮುಚ್ಚಳದಲ್ಲಿಯೇ ಅದಕ್ಕೆ ದಾರಿ ಮಾಡಬೇಕೆಂಬ ತೀರ್ಮಾನಕ್ಕೆ ಬರಲು ಇದೇ ಕಾರಣ.

ಒಳಗೆ ಇಡುವ ಸಾಧನಗಳಲ್ಲಿ ಹೆಚ್ಚು ಗಮನ ಸೆಳೆದಿರುವುದು ಆಪ್ಟಿಕಲ್ ಫೈಬರ್. ಕೆನಡದಲ್ಲಿ ಕೆನ್ ಹಿಲ್ 1978ರಲ್ಲಿ ಕಂಡುಹಿಡಿದ ಫೈಬರ್ ಬ್ರ್ಯಾಗ್ ಗ್ರೇಟಿಂಗ್ ಎಂಬ ಉಪಾಯದಲ್ಲಿ, ಗಾಜಿನ ಎಳೆಯ ಕೆಲವು ಮಿಲಿಮೀಟರಿನಷ್ಟು ಭಾಗದಲ್ಲಿ ಸಮಾನ ಅಂತರದ ಸೂಕ್ಷ್ಮ ಗೆರೆಗಳನ್ನು ಬೆಳಕಿನಿಂದ ಮೂಡಿಸಲಾಗುತ್ತದೆ. ಆ ಗೆರೆಗಳು ಒಂದೇ ತರಂಗಾಂತರದ ಬೆಳಕನ್ನು ಹಿಂದಕ್ಕೆ ಕಳುಹಿಸುತ್ತವೆ. ಎಳೆ ಬಿಸಿಯಾದರೆ ಅಥವಾ ಹಿಗ್ಗಿದರೆ ಆ ತರಂಗಾಂತರ ಸರಿಯುತ್ತದೆ; 1,550 ನ್ಯಾನೊಮೀಟರಿನ ಬೆಳಕಿಗೆ ಇದು ಪ್ರತಿ ಡಿಗ್ರಿಗೆ ಸುಮಾರು 10 ಪಿಕೊಮೀಟರ್. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಕೋಶದೊಳಗೆ ಅದರಿಂದ ಶಾರ್ಟ್ ಆಗುವ ಭಯವಿಲ್ಲ.

ಈ ವಿದ್ಯೆ ಬೆಂಗಳೂರಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಪಕರಣ ವಿಜ್ಞಾನ ವಿಭಾಗದಲ್ಲಿ ಪ್ರೊ. ಎಸ್. ಅಶೋಕನ್ ಮತ್ತು ಅವರ ಸಂಗಡಿಗರು ಬ್ರ್ಯಾಗ್ ಗ್ರೇಟಿಂಗ್ ಸಂವೇದಕಗಳ ಮೇಲೆ ಬಹುಕಾಲ ಕೆಲಸ ಮಾಡಿ ವೈದ್ಯಕೀಯವೂ ಸೇರಿದಂತೆ ಹಲವು ಕ್ಷೇತ್ರಗಳಿಗೆ ಅವನ್ನು ಅಳವಡಿಸಿದರು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ತಂತ್ರಜ್ಞರು ವಿಮಾನದ ಸಂಯುಕ್ತ ವಸ್ತುಗಳ ರಚನೆಗಳ ಆರೋಗ್ಯವನ್ನು ಫೈಬರ್ ಸಂವೇದಕಗಳಿಂದ ಅರಿಯುವ ಕೆಲಸದಲ್ಲಿ ತೊಡಗಿದರು. ಸಂಯುಕ್ತ ವಸ್ತುವಿನ ಪದರಗಳನ್ನು ಒಂದರ ಮೇಲೊಂದು ಹಾಸುವಾಗ ನಡುವೆ ಗಾಜಿನೆಳೆಯನ್ನು ಮಲಗಿಸಿ ಬೇಯಿಸಿದರೆ ಅದು ರೆಕ್ಕೆಯ ಅಂಗವಾಗಿಯೇ ಉಳಿಯುತ್ತದೆ. ಪದರದ ವಸ್ತುವೊಂದರ ತಯಾರಿಕೆಯಲ್ಲಿಯೇ ಸಂವೇದಕವನ್ನು ಹೂಡುವ ಕ್ರಮ ಬ್ಯಾಟರಿಗಿಂತ ಮೊದಲು ವಿಮಾನದಲ್ಲಿ ಪಕ್ವಗೊಂಡಿತು. ಇಂತಹ ಕೌಶಲ ಒಂದೇ ನಗರದಲ್ಲಿ, ಬ್ಯಾಟರಿ ಸಂಶೋಧನೆಯ ನೆರೆಯಲ್ಲಿಯೇ ಇದ್ದರೂ ಎರಡೂ ಕೂಡಿ ಮೊದಲ ಹೆಜ್ಜೆ ಇಡಲಿಲ್ಲವೆಂಬುದು ವಿಷಾದದ ಸಂಗತಿ.

ಆ ಹೆಜ್ಜೆ ಬೇರೆಡೆ ಬಿದ್ದಿತು. ಅಮೆರಿಕದ ಪಾಲೊ ಆಲ್ಟೊ ಸಂಶೋಧನ ಕೇಂದ್ರವು ಕೊರಿಯದ ಎಲ್‌ಜಿ ಕೆಮ್ ಕಂಪನಿಯ ಸಹಯೋಗದಲ್ಲಿ ಚೀಲದಾಕಾರದ ಕೋಶಗಳೊಳಗೆ ಗಾಜಿನೆಳೆಯನ್ನು ಹೂಡಿ, ಉಳಿದ ವಿದ್ಯುತ್ತಿನ ಲೆಕ್ಕವನ್ನು ಶೇಕಡ 2.5ಕ್ಕಿಂತ ಕಡಿಮೆ ದೋಷದೊಡನೆ ಹೇಳಬಹುದೆಂದು 2017ರಲ್ಲಿ ವರದಿ ಮಾಡಿತು. ಪ್ಯಾರಿಸಿನ ಕೊಲೆಜ್ ದ ಫ್ರಾನ್ಸಿನಲ್ಲಿ ಜಾನ್–ಮರೀ ತರಾಸ್ಕೊನ್ ಅವರ ತಂಡ 2020ರಲ್ಲಿ ಪ್ರಕಟಿಸಿದ ಸಂಶೋಧನೆ ಇನ್ನೂ ಮಹತ್ವದ್ದು. ಉಷ್ಣತೆಯನ್ನೂ ಒತ್ತಡವನ್ನೂ ಬೇರೆಬೇರೆ ಎಳೆಗಳಿಂದ ಪ್ರತ್ಯೇಕವಾಗಿ ಓದಿ, ಕೋಶದ ಮೊದಲ ಪೂರಣದ ವೇಳೆ ಗ್ರಾಹಕನಿಗೆ ಎಂದೂ ಕಾಣದ ಆ ರಕ್ಷಕ ಪದರ ಹುಟ್ಟುವ ಶಾಖವನ್ನು ಅವರು ಹಂತಹಂತವಾಗಿ ಹಿಂಬಾಲಿಸಿದರು. ಈ ಪದರ ಹುಟ್ಟುವಾಗ ಕೋಶದ ಲಿಥಿಯಮಿನಲ್ಲಿ ಸುಮಾರು ಹತ್ತನೆಯ ಒಂದು ಪಾಲು ಶಾಶ್ವತವಾಗಿ ಖರ್ಚಾಗುತ್ತದೆ; ಕೋಶದ ಆಯುಷ್ಯ ಬಹುಮಟ್ಟಿಗೆ ಆಗಲೇ ನಿರ್ಧಾರವಾಗುತ್ತದೆ. ತಯಾರಿಕೆಯಲ್ಲಿಯೇ ಹೂಡಿದ ಸಂವೇದಕ ಈ ಘಟ್ಟಕ್ಕೆ ಸಾಕ್ಷಿಯಾಗಬಲ್ಲದು, ಅನಂತರ ಸೇರಿಸಿದುದು ಆಗಲಾರದು. ಯೂರೋಪಿನಲ್ಲಿ ‘ಬ್ಯಾಟರಿ 2030+’ ಎಂಬ ಕಾರ್ಯಕ್ರಮದ ಅಡಿಯಲ್ಲಿ 2020ರಿಂದ ಇನ್‌ಸ್ಟಾಬ್ಯಾಟ್, ಸೆನ್ಸಿಬ್ಯಾಟ್, ಸ್ಪಾರ್ಟಕಸ್ ಎಂಬ ಮೂರು ಯೋಜನೆಗಳು ಇದೇ ವಿಷಯಕ್ಕಾಗಿ ನಡೆದವು.

ಇಷ್ಟಾದರೂ ಮಾರುಕಟ್ಟೆಯ ಸಾಮಾನ್ಯ ಕೋಶದಲ್ಲಿ ಒಳಸಂವೇದಕ ಇಂದಿಗೂ ವಿರಳ. ಕಾರಣಗಳು ಕಾರ್ಖಾನೆಯಲ್ಲಿವೆ. ಗಾಜಿನೆಳೆಯ ದಪ್ಪ 125 ಮೈಕ್ರಾನ್. ಅದು ಮಲಗಬೇಕಾದ ನಡುಪೊರೆಯ ದಪ್ಪ ಇಪ್ಪತ್ತು. ಪದರಗಳ ನಡುವೆ ಅಂತಹ ಎಳೆ ಬಂದರೆ ಅಲ್ಲೊಂದು ಉಬ್ಬು ಏಳುತ್ತದೆ, ಉಬ್ಬಿನ ಪಕ್ಕದಲ್ಲಿ ವಿದ್ಯುತ್ಪ್ರವಾಹ ಸಮನಾಗಿ ಹಂಚಿಕೆಯಾಗದು, ಅಲ್ಲಿಯೇ ಲಿಥಿಯಮ್ ಲೋಹವಾಗಿ ಕೂರುವ ಸಂಭವವಿದೆ. ರೋಗ ಪತ್ತೆಹಚ್ಚಲು ಹೋದವನೇ ರೋಗ ತಂದಂತೆ. ಸುತ್ತುವ ಯಂತ್ರದ ವೇಗಕ್ಕೆ ಸೂಕ್ಷ್ಮ ಎಳೆಯನ್ನು ಹೊಂದಿಸುವುದು ಇನ್ನೊಂದು ಕಷ್ಟ. ಮುಚ್ಚಳದಲ್ಲಿ ಹೆಚ್ಚಿನ ದಾರಿಯೊಂದಾದರೆ ಸೋರಿಕೆಗೆ ಹೆಚ್ಚಿನ ಅವಕಾಶ. ಸಾವಿರಾರು ಕೋಶಗಳ ಕಾರಿನ ಬ್ಯಾಟರಿಯಲ್ಲಿ ಪ್ರತಿಯೊಂದರಿಂದ ತಂತಿ ಎಳೆಯುವುದು ಅಸಾಧ್ಯವಾದ್ದರಿಂದ, ಕೋಶದ ವಿದ್ಯುತ್ ತುದಿಗಳ ಮೂಲಕವೇ ಸುದ್ದಿಯನ್ನು ಕಳುಹಿಸುವ ಪ್ರಯತ್ನಗಳು ನಡೆದಿವೆ. ತೆಳುಪದರದ ಉಷ್ಣಮಾಪಕವನ್ನು ನೇರವಾಗಿ ಹಾಳೆಯ ಮೇಲೆಯೇ ಮುದ್ರಿಸುವುದು ಇನ್ನೊಂದು ದಾರಿ. ಇವೆಲ್ಲವೂ ಬೇಡ, ಹಿಂದಿನಂತೆ ಕೆಲವೇ ಕೋಶಗಳಿಗೆ ಸಂವೇದಕ ಇಟ್ಟರೆ ಸಾಕೆನ್ನುವವರೂ ಇದ್ದಾರೆ. ಆದರೆ ಸೀಸ–ಆಮ್ಲದ ಕೋಣೆಯಲ್ಲಿ ಪೈಲಟ್ ಸೆಲ್ ತಪ್ಪು ಹೇಳಿದರೆ ಒಂದು ಕೋಶ ಸಾಯುತ್ತಿತ್ತು; ಲಿಥಿಯಮ್ ಪೆಟ್ಟಿಗೆಯಲ್ಲಿ ಹಾಗಾದರೆ ಕೆಟ್ಟ ಒಂದು ಕೋಶ ಪಕ್ಕದವುಗಳನ್ನೂ ಸುಡುತ್ತದೆ.

ಈ ಮಾತಿನ ಸತ್ಯ ನಮ್ಮಲ್ಲಿ 2022ರಲ್ಲಿ ಅರಿವಿಗೆ ಬಂದಿತು. ಬೆಂಗಳೂರಿನ ರೇವಾ ಕಾರು 2001ರಲ್ಲಿ ರಸ್ತೆಗಿಳಿದಾಗ ಅದರಲ್ಲಿದ್ದುದು ಆರು ವೋಲ್ಟಿನ ಎಂಟು ಸೀಸ–ಆಮ್ಲ ಬ್ಯಾಟರಿಗಳು. 2018ರಲ್ಲಿ ಬೆಂಗಳೂರಿನಲ್ಲಿಯೇ ಮಾರಾಟಕ್ಕೆ ಬಂದ ಏಥರ್ ಸ್ಕೂಟರಿನದು ಲಿಥಿಯಮ್ ಅಯಾನ್ ಪೆಟ್ಟಿಗೆ. ಇವುಗಳ ನಡುವೆ ಹದಿನೇಳು ವರ್ಷಗಳ ಅಂತರದಲ್ಲಿ ನೀರುಗಂಟಿಯ ಕೆಲಸ ಪೂರ್ಣವಾಗಿ ಎಲೆಕ್ಟ್ರಾನಿಕ್ ಮಂಡಲಕ್ಕೆ ವರ್ಗವಾಯಿತು. ಬ್ಯಾಟರಿ ನಿರ್ವಹಣಾ ವ್ಯವಸ್ಥೆ ಎಂಬ ಈ ಮಂಡಲ ಕೋಶಗಳ ವೋಲ್ಟೇಜನ್ನೂ ಕೆಲವು ಕಡೆಗಳ ಹೊರಮೈ ಉಷ್ಣತೆಯನ್ನೂ ನೋಡಿ ಒಳಗನ್ನು ಲೆಕ್ಕಹಾಕುತ್ತದೆ, ಒಳಗನ್ನು ಕಾಣುವುದಿಲ್ಲ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ದ್ವಿಚಕ್ರ ವಾಹನಗಳಿಗೆ ಬೆಂಕಿ ಹತ್ತಿ ಜೀವಹಾನಿಯೂ ಆದಾಗ ಕೇಂದ್ರ ಸರ್ಕಾರ ಎಐಎಸ್–156 ಎಂಬ ಮಾನದಂಡವನ್ನು ತಿದ್ದಿ, ಡಿಸೆಂಬರ್ 2022 ಮತ್ತು ಮಾರ್ಚ್ 2023ರಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಒಂದು ಕೋಶದ ಬೆಂಕಿ ಪೆಟ್ಟಿಗೆಯಾಚೆ ಹರಡದಂತೆ ನೋಡುವುದು, ಸವಾರನಿಗೆ ಮುನ್ನೆಚ್ಚರಿಕೆ ಕೊಡುವುದು ಅದರಲ್ಲಿ ಸೇರಿವೆ. ಕೋಶದೊಳಗಿನ ಅಳತೆಯನ್ನು ಅದು ಕಡ್ಡಾಯ ಮಾಡಲಿಲ್ಲ.

ಒಳಸಂವೇದಕ ನಾಳೆ ಎಲ್ಲ ಕೋಶಗಳಿಗೂ ಬಂದಿತೆಂದೇ ಇಟ್ಟುಕೊಳ್ಳೋಣ. ಹೈಡ್ರೋಮೀಟರನ್ನು ಯಾರು ಬೇಕಾದರೂ ಕೊಂಡು ಯಾವ ಬ್ಯಾಟರಿಗಾದರೂ ಇಳಿಸಬಹುದಿತ್ತು. ಹೂಡಿದ ಸಂವೇದಕದ ಸುದ್ದಿಯನ್ನು ಓದಲು ತಯಾರಕನ ಅನುಮತಿಯೂ ಅವನ ತಂತ್ರಾಂಶವೂ ಬೇಕು. ಹಳೆಯ ವಾಹನದ ಬ್ಯಾಟರಿಯನ್ನು ಕೊಂಡು ಮನೆಯ ಸೌರದೀಪಕ್ಕೆ ಬಳಸಬೇಕೆನ್ನುವ ರೈತನಿಗೆ ಅದು ಇನ್ನೂ ಎಷ್ಟು ವರ್ಷ ಬಾಳುತ್ತದೆ, ಹಿಂದೊಮ್ಮೆ ಅತಿಯಾಗಿ ಕಾದಿತ್ತೇ ಎಂಬುದು ತಿಳಿಯಬೇಕು. ಅದು ಕೋಶದೊಳಗೆ ದಾಖಲಾಗಿದ್ದರೂ ಅವನ ಪಾಲಿಗೆ ಇಲ್ಲದಂತೆಯೇ. ಯೂರೋಪಿನ ಒಕ್ಕೂಟವು 2023ರಲ್ಲಿ ಮಾಡಿದ ಬ್ಯಾಟರಿ ಕಾನೂನಿನಲ್ಲಿ ದೊಡ್ಡ ಬ್ಯಾಟರಿಗಳಿಗೆ ಫೆಬ್ರವರಿ 2027ರಿಂದ ವಿದ್ಯುನ್ಮಾನ ‘ಪಾಸ್‌ಪೋರ್ಟ್’ ಇರಬೇಕೆಂದೂ, ಆರೋಗ್ಯಸ್ಥಿತಿಯ ಮಾಹಿತಿ ಬ್ಯಾಟರಿಯ ಒಡೆಯನಿಗೆ ದೊರೆಯಬೇಕೆಂದೂ ವಿಧಿಸಿದೆ. ನಮ್ಮಲ್ಲಿ ಸಂವೇದಕದ ಸಂಶೋಧನೆಗೆ ಹಣ ಒದಗಿಸುವವರು ಈ ಎರಡನೆಯ ವಿಧಿಯನ್ನೂ ಅದರೊಡನೆಯೇ ಪರಿಶೀಲಿಸಬೇಕು.

ಚರಿತ್ರೆಯ ಅಭ್ಯಾಸಿಗಳು ಮಾಡಬಹುದಾದ ಕೆಲಸವೊಂದು ಉಳಿದಿದೆ. ರೈಲು ನಿಲ್ದಾಣಗಳ, ದೂರವಾಣಿ ಕೇಂದ್ರಗಳ ಬ್ಯಾಟರಿ ಕೋಣೆಗಳಲ್ಲಿ ದಶಕಗಳ ಕಾಲ ಬರೆದ ಸಾಂದ್ರತೆಯ ಪುಸ್ತಕಗಳು, ನಮ್ಮ ಹವೆಯಲ್ಲಿ ಬ್ಯಾಟರಿ ಹೇಗೆ ಮುಪ್ಪಾಗುತ್ತದೆಂಬುದರ ನೇರ ದಾಖಲೆಗಳು. ದಿನಾಂಕ, ಕೋಶದ ಸಂಖ್ಯೆ, ಸಾಂದ್ರತೆ, ಉಷ್ಣತೆ, ಬರೆದವನ ಸಹಿ ಇಷ್ಟೇ ಅವುಗಳಲ್ಲಿರುವುದು. ಹಳೆಯ ಕೇಂದ್ರಗಳನ್ನು ಮುಚ್ಚುವಾಗ ಅವು ಸ್ಕ್ರ್ಯಾಪಿನೊಡನೆ ಹೋಗುವ ಸಂಭವ ಹೆಚ್ಚು. ಬೀರೂರು–ಚಿಕ್ಕಜಾಜೂರು ನಡುವಣ ನಿಲ್ದಾಣಗಳಲ್ಲಿ ಇಂತಹ ಪುಸ್ತಕಗಳು ಉಳಿದಿದ್ದರೆ ಅವನ್ನು ಜಿಲ್ಲಾ ಪತ್ರಾಗಾರಕ್ಕೆ ತರುವ ಕೆಲಸವನ್ನು ಸ್ಥಳೀಯ ಕಾಲೇಜುಗಳ ಇತಿಹಾಸ ವಿಭಾಗಗಳು ಕೈಗೊಳ್ಳಬಹುದು.